ಜಿಲೇಬಿಯ ಹೆರಿಗೆ

ಮಗಳು ತೃಷಾ ತಾನು ಸಾಕಿದ ಕಿತ್ತಳೆ ಬಣ್ಣದ ಹಾವಿಗೆ ಜಿಲೇಬಿ ಎಂದು ಹೆಸರಿಟ್ಟದ್ದೇ ರತ್ನಾವತಿಗೆ ಹಿಡಿಸಿರಲಿಲ್ಲ. ಅಮೆರಿಕದ ಜಾತಿಯಾದರೇನು, ವಿಷವಿಲ್ಲದಿದ್ದರೇನು, ನಾಗ ನಾಗನೇ. ಕೊಲ್ಲಿ ದೇಶದ ಮೈದಾನ್ ಹವಲ್ಲಿಯ ಆ ಪುಟ್ಟ ಫ್ಲ್ಯಾಟಿಗೆ ಅದು ಬಂದಂದಿನಿಂದ ಮೀನು ಹುರಿಯುವಾಗೆಲ್ಲ ನಾಗನಿಗೆ ಮೈಲಿಗೆಯಾಗದಿರಲೆಂದು ಅವಳು ಮಗಳ ಕೋಣೆಯ ಬಾಗಿಲು ಮುಚ್ಚುತ್ತಿದ್ದಳು. ಹಾವನ್ನು ಮುಟ್ಟಿದ್ದು ಮಾತ್ರ ಒಮ್ಮೆಯೂ ಇಲ್ಲ.

ಜಿಲೇಬಿ ಗಂಡಿನ ಸಂಗವಿಲ್ಲದೆಯೇ ಮೊಟ್ಟೆಗೆ ಬಂತು. ಅಂಥ ಹಾವುಗಳಲ್ಲಿ ಅದೂ ಉಂಟಂತೆ. ಶಾಲೆಯ ಕ್ಯಾಂಪಿಗೆ ಹೊರಟ ತೃಷಾ ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಹತ್ತು ಸಲ ಹೇಳಿದಳು: ಮೊಟ್ಟೆ ಇಡುವುದು ನಡುವೆ ನಿಂತು ಹೊಟ್ಟೆಯಲ್ಲಿ ಗಂಟು ಕಂಡರೆ ಕೂಡಲೇ ಡಾಕ್ಟರ ಹತ್ತಿರ ಒಯ್ಯಬೇಕು.

ಮೊದಲ ಮೊಟ್ಟೆ ಕಂಡದ್ದೇ ತಡ, ರತ್ನಾವತಿ ಗಾಜಿನ ಪೆಟ್ಟಿಗೆಗೆ ಮಡಿಬಟ್ಟೆ ಹೊದಿಸಿದಳು. ನಾಗನ ಹೆರಿಗೆಯನ್ನು ಇಣುಕಿ ನೋಡುವವರುಂಟೇ? ಗಂಡ ಯಶೋಧರನನ್ನೂ ಒಳಗೆ ಬಿಡದೆ, ದೀಪ ಹಚ್ಚಿ ಹೊರಗೆ ಕೂತಳು.

ಸಂಜೆ ಮಗಳ ಫೋನ್ ಬಂತು. “ಅಮ್ಮಾ, ಈಸ್ ಶಿ ಓಕೆ?”

“ಹೌದು ಮಗಾ, ಎಲ್ಲ ಸಲೀಸಾಗಿ ಆಗ್ತಾ ಉಂಟು.”

ಸುಳ್ಳು ಹೇಳಿದೆನೆಂದು ಅವಳಿಗೆ ಅನ್ನಿಸಲೇ ಇಲ್ಲ. ನಾಗನ ಕೆಲಸ ನಾಗನಿಗೆ ಗೊತ್ತಿಲ್ಲವೇ!

ಮರುದಿನ ಬಂದ ತೃಷಾ ಬ್ಯಾಗನ್ನೂ ಇಳಿಸದೆ ಬಟ್ಟೆ ಎಳೆದಳು. ಕೆಲವು ಮೊಟ್ಟೆ ಹೊರಗಿದ್ದವು. ಉಳಿದವು ಬಾಲದ ಹತ್ತಿರ ಗಂಟುಗಂಟಾಗಿ ಸಿಕ್ಕಿಕೊಂಡಿದ್ದವು. ಜಿಲೇಬಿ ಬಾಯಿ ತೆರೆದುಕೊಂಡು ಸೋತು ಬಿದ್ದಿತ್ತು. ಡಾಕ್ಟರು ಹೊಟ್ಟೆ ಸವರಿ, ನಿನ್ನೆಯೇ ತಂದಿದ್ದರೆ ಉಳಿಸಬಹುದಿತ್ತು ಎಂದರು. ಆಪರೇಷನ್ ಮೇಜಿನಲ್ಲೇ ಅದರ ಜೀವ ಹೋಯಿತು.

ಕಾರಿನಲ್ಲಿ ಹಾವಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ತೃಷಾ ಸದ್ದಿಲ್ಲದೆ ಅಳುತ್ತಿದ್ದಳು. ಪಕ್ಕದಲ್ಲಿದ್ದ ರತ್ನಾವತಿಗೆ ಮಗಳ ಅಳು ನೋಡಲಾಗಲಿಲ್ಲ. ಸರ್ಪಹತ್ಯೆಯ ಭಯ ಬೇರೆ.

“ಬೇಜಾರು ಮಾಡ್ಬೇಡ ಮಾರಾಯ್ತಿ,” ಎಂದ ಯಶೋಧರ ಹೆಂಡತಿಗೆ. “ಊರಿಗೆ ಹೋದಾಗ ನಾಗಬನದಲ್ಲಿ ತಪ್ಪುಕಾಣಿಕೆ ಹಾಕುವ.”

ಯಾವತ್ತೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಅಂದು ಮನೆಮಾತಿನಲ್ಲಿ ಕೇಳಿದಳು: “ಅಲ್ಲಿ ಯಾಕಮ್ಮಾ? ಅವಳು ಇಲ್ಲೇ ಇದ್ದದ್ದಲ್ವಾ? ನೀನು ಒಮ್ಮೆ ನೋಡಿದ್ರೆ ಸಾಕಿತ್ತು.”

ನಾಗನ ಮುನಿಸಿಗೆ ನೂರು ಪರಿಹಾರ ಬಲ್ಲ ರತ್ನಾವತಿಗೆ, ಮಗಳ ಮುಂದೆ ಏನನ್ನು ಇಡಬೇಕೆಂದು ತಿಳಿಯಲಿಲ್ಲ. ಡಬ್ಬಿಯತ್ತ ಕೈ ಚಾಚಿದಳು. ತೃಷಾ ಡಬ್ಬಿಯನ್ನು ಎದೆಗವಚಿಕೊಂಡು ಕಿಟಕಿಯ ಕಡೆಗೆ ಸರಿದಳು.