ಬೇಸಿಗೆಯಲ್ಲಿ ಅಂಟಿಸಿದ ಗಾಜು

ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸುವುದು ಗಾರೆಯವರ ಹಳೇ ಪದ್ಧತಿ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಗಾರೆಯವನು ತನ್ನ ಮನೆಯ ನಡುಗೋಡೆಯ ಬಿರುಕಿಗೂ ಒಂದನ್ನು ಅಂಟಿಸಿದ್ದ.

ಹೋದ ವರ್ಷ ಅಣೆಕಟ್ಟು ತುಂಬಿದ ಮೇಲೆ ನೆಲ ನಡುಗಿ, ಹಿತ್ತಲ ಗೋಡೆ ಅವನ ಅಪ್ಪನ ಮೇಲೆ ಬಿದ್ದಿತ್ತು. ಮಗ ಇಟ್ಟಿಗೆ ಎತ್ತಿದ, ಅಪ್ಪನನ್ನೂ ಎತ್ತಿದ, ಅಳು ಬರಲಿಲ್ಲ. ಅಂದಿನಿಂದ ತಾಯಿ-ಮಗನ ವಾಸ ಅಂಗಳದ ತಗಡಿನ ಶೆಡ್ಡಿನಲ್ಲಿ.

"ಗಾಜು ಒಡೆದಿಲ್ಲ ತಾನೇ? ಒಳಗೆ ಹೋಗೋಣ ಕಣೋ. ಈ ತಗಡಿನ ಕೆಳಗೆ ಬೆಂದು ಹೋದೆ," ಎಂದಳು ತಾಯಿ.

"ಹೂಂ."

"ಏನು ಹೂಂ? ಬಾಯಲ್ಲೂ ಗಾರೆ ತುಂಬ್ಕೊಂಡಿದೀಯಾ?"

ಅವನು ಹಾಸಿಗೆ ಹೊತ್ತು ಹೊಸ್ತಿಲು ದಾಟುವಾಗ ಭೂಕಂಪ ಅಳೆಯುವ ಕಚೇರಿಯ ಮೇಡಂ ಬಂದರು. ಅವರ ಯಂತ್ರ ಇವರ ಹಿತ್ತಲಲ್ಲೇ ಇತ್ತು, ಬ್ಯಾಟರಿ ಬದಲಿಸಬೇಕಿತ್ತು. ಗಾಜು ನೋಡಿದವರೇ ಕೇಳಿದರು, "ಇದನ್ನ ಯಾವಾಗ ಅಂಟಿಸಿದ್ದು?"

"ಬೇಸಿಗೆ ಶುರುವಾದಾಗ. ಗೋಡೆ ಒಣಗಿದ್ರೇನೇ ಹಿಡಿಯೋದು."

"ಅಲ್ಲೇ ಎಡವಿದ್ದು ನೀವು. ಈಗ ಅಣೆಕಟ್ಟಿನ ನೀರು ತಳ ಮುಟ್ಟಿದೆ, ನೆಲ ಸುಮ್ನಿದೆ. ಇಲ್ಲಿ ಹೆಚ್ಚಾಗಿ ನಡುಗೋದು ಮಳೆ ಮುಗಿದು ಅಣೆಕಟ್ಟು ತುಂಬಿದ ಮೇಲೆ. ನೀರಿನ ಭಾರಕ್ಕಿರಬಹುದು, ಬಂಡೆ ಸೀಳಲ್ಲಿ ನೀರು ಇಳಿದೂ ಇರಬಹುದು. ಇಂಥದ್ದೇ ಅಂತ ನಮಗೂ ಹೇಳೋಕಾಗಲ್ಲ."

"ನೆಲಕ್ಕೂ ಸೀಸನ್ನೇನಮ್ಮಾ, ಮಾವಿನಹಣ್ಣಿನ ಥರ?" ತಾಯಿ ನಕ್ಕಳು. ನಗು ಅರ್ಧಕ್ಕೇ ನಿಂತಿತು.

"ಗೊತ್ತಿದ್ದೂ ತುಂಬಿಸ್ತಾರಾ?" ಮಗ ಕೇಳಿದ.

"ತುಂಬಿಸೋರು ಬೇರೆ ಇದಾರಪ್ಪ. ನಾವು ಅಳೆಯೋರು."

ಅವರು ಬ್ಯಾಟರಿ ಬದಲಿಸಿ ಹೋದರು. ಅವನಿಗೆ ಮೈಯೆಲ್ಲ ಉರಿದು ಹೋಗಬೇಕಿತ್ತು. ಏನೂ ಆಗಲಿಲ್ಲ. ಹಲ್ಲು ಕೀಳಿಸಿಕೊಂಡ ದವಡೆಯ ಹಾಗೆ ಎದೆ ಜೋಮು ಹಿಡಿದಿತ್ತು. ಹಾಸಿಗೆಯನ್ನು ತಿರುಗಿ ಶೆಡ್ಡಿಗೆ ತಂದು ಹಾಕಿದ.

"ನಾನಂತೂ ಇವತ್ತು ಒಳಗೇ ಮಲಗೋದು," ತಾಯಿ ಹಟ ಹಿಡಿದಳು. "ಮಳೆ ಬರಲಿ, ನೀರು ತುಂಬಲಿ, ಆಮೇಲೂ ಏಳಲ್ಲ. ಸತ್ರೆ ನಿಮ್ಮಪ್ಪನ ದಾರೀಲೇ ಹೋಗ್ತೀನಿ."

ಅವಳು ಆಡಿದರೆ ಮುಗಿಯಿತು, ಮಾಡಿಯೇ ತೀರುವವಳು. ಅವನು ಏಣಿ ತಂದು ಗೋಡೆಗೆ ಆನಿಸಿ ಹೆಂಚಿನ ಮಾಡಿನ ಮೇಲೆ ಹತ್ತಿದ.

"ಏನೋ ಮಾಡ್ತಿದೀಯಾ?"

"ಮನೆ ಇಳಿಸ್ತೀನಿ. ಮೊದಲು ಹೆಂಚು, ಆಮೇಲೆ ಗೋಡೆ."

"ನಿಮ್ಮಪ್ಪ ಕಟ್ಟಿದ್ದು ಕಣೋ, ಪಾಪಿ!"

"ಹೂಂ."

ತಾಯಿ ಬೈದಳು, ಏಣಿ ಹಿಡಿದು ಅಲ್ಲಾಡಿಸಿದಳು, ಅವನ ಹುಟ್ಟಿಗೇ ಶಾಪ ಹಾಕಿದಳು. ಅವನು ಹೆಂಚು ಕೀಳುತ್ತಲೇ ಇದ್ದ. ಬೈಗುಳ ತೀರಿದ ಮೇಲೆ ಅವಳು ಸೆರಗು ಬಿಗಿದು, ಏಣಿಯ ಬುಡದಲ್ಲಿ ನಿಂತು ಎರಡೂ ಕೈ ಚಾಚಿದಳು.

"ನಿಧಾನಕ್ಕೆ ಕೊಡೋ. ಒಡೆದೀತು."