ಬಡ್ಡಿಯಿಲ್ಲದ ಆರು ತಿಂಗಳು

"ನಿಜ ಹೇಳು ಗಜಾ, ಚೆಕ್ಕು ಹಾಕಿದ್ಯಾ ಇಲ್ವಾ?"

ಫೋನಿನಲ್ಲಿ ಪ್ರೇಮಕ್ಕನ ದನಿ ತಗ್ಗಿತ್ತು. ಹಿಂದೆ ಮಕ್ಕಳು ಮಗ್ಗಿ ಒಪ್ಪಿಸುವುದು ಕೇಳುತ್ತಿತ್ತು. ನರಸಿಂಹರಾಜಪುರದ ಶಾಲೆಯ ಜಗಲಿಯಲ್ಲಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಮಾತಾಡುತ್ತಿದ್ದಾಳೆಂದು ಗಜಾನನನಿಗೆ ಅನ್ನಿಸಿತು.

"ಹಾಕಿದೀನಿ ಅಕ್ಕ. ನಾನೇ ಶಿವಮೊಗ್ಗಕ್ಕೆ ಹೋಗಿ ಬ್ಯಾಂಕಿನ ಚೆಕ್ ಡಬ್ಬಿಗೆ ಹಾಕಿ ಬಂದೆ."

"ಮತ್ತೆ ಬ್ಯಾಂಕಿನೋರು ಹೆಡ್‌ಮಾಸ್ಟ್ರಿಗೆ ಫೋನ್ ಮಾಡಿ, ನಿಮ್ಮ ಟೀಚರ್ ದುಡ್ಡು ಕಟ್ಟಿಲ್ಲ ಅಂದ್ರಲ್ಲ? ಕೋಣೆ ತುಂಬ ಮೇಷ್ಟ್ರುಗಳು ಕೂತಿದ್ರು ಕಣೋ."

"ಅವರದ್ದೇ ಎಂತದೋ ತಪ್ಪಿರ್ಬೇಕು. ವಿಚಾರಿಸ್ತೇನೆ."

ಫಿಲ್ಮ್ ರೀಲಿನ ಕಾಲ ಮುಗಿದು, ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರಿನ ಅವನ ಫೋಟೋ ಸ್ಟುಡಿಯೋ ಮುಚ್ಚುವ ಹಂತಕ್ಕೆ ಬಂದಾಗ, ಹೊಸ ಕ್ಯಾಮೆರಾ, ಕಂಪ್ಯೂಟರು ಎಲ್ಲವೂ ಬಂದದ್ದು ಪ್ರೇಮಕ್ಕನ ಕ್ರೆಡಿಟ್ ಕಾರ್ಡಿನಿಂದ. ಸಂಬಳವಿಲ್ಲದ ಅವನಿಗೆ ಯಾರೂ ಕಾರ್ಡು ಕೊಡುತ್ತಿರಲಿಲ್ಲ. ತಿಂಗಳು ತಿಂಗಳು ಕಟ್ಟಿದ್ದೆಲ್ಲ ಬಡ್ಡಿಗೇ ಹೋಗಿ ಅಸಲು ಕದಲದೆ ಕೂತಾಗ, ಇನ್ನೊಂದು ಬ್ಯಾಂಕಿನ ಹುಡುಗ ದಾರಿ ತೋರಿಸಿದ. ಹಳೆಯ ಬಾಕಿಯನ್ನು ಹೊಸ ಕಾರ್ಡಿಗೆ ದಾಟಿಸಿದರೆ ಆರು ತಿಂಗಳು ಬಡ್ಡಿಯಿಲ್ಲ. ಆದರೆ ಒಂದು ಕಂತು ತಪ್ಪಿದರೂ ರಿಯಾಯಿತಿ ರದ್ದು, ಮೊದಲ ದಿನದಿಂದಲೇ ಬಡ್ಡಿ.

ಪ್ರೇಮಕ್ಕ ಎರಡನೆಯ ಸಲವೂ ಸಹಿ ಹಾಕಿದಳು. ಒಂದೇ ಒಂದು ಮಾತು ತೆಗೆದುಕೊಂಡಳು: "ಚೆಕ್ಕು ನೀನೇ ಹೋಗಿ ಹಾಕ್ಬೇಕು. ಬಸ್ಸಲ್ಲಿ ಕೊಟ್ಟು ಕಳಿಸೋ ಬುದ್ಧಿ ಮಾಡ್ಬೇಡ."

ಮೊದಲ ತಿಂಗಳು ಹೋದ. ಆಮೇಲೆ ಒಂದು ಚೆಕ್ಕಿಗಾಗಿ ಇಡೀ ದಿನ ಅಂಗಡಿ ಮುಚ್ಚುವುದು ಕಷ್ಟವಾಯಿತು. ಈ ಕಡೆ ಕನ್ನಡಕ, ಔಷಧಿ, ಹೊಲಿದ ರವಿಕೆ, ಮದುವೆ ಕಾಗದ ಎಲ್ಲವೂ ಊರಿಂದೂರಿಗೆ ಹೋಗುವುದು ಕಂಡಕ್ಟರ್ ಕೈಯಲ್ಲೇ. ಯಾರೂ ರಸೀದಿ ಕೇಳುವುದಿಲ್ಲ. ಶಿವಮೊಗ್ಗ ಬಸ್ಸಿನ ಕಂಡಕ್ಟರ್ ಗುರುವ ಅವನ ಶಾಲೆಯ ಕಾಲದ ಗೆಳೆಯ; ಚೆಕ್ಕಿನ ಕವರೂ ಅವನ ಕೈ ಸೇರತೊಡಗಿತು. "ನಿನ್ನ ಹುಂಡಿಗೆ ಕಾಣಿಕೆ ಹಾಕಿ ಬಂದೆ ಮಾರಾಯ. ದೇವರು ವರ ಕೊಟ್ರೆ ನಂಗೂ ಪಾಲು ಬೇಕು," ಎಂದು ಸಂಜೆ ಫುಟ್‌ಬೋರ್ಡಿನಿಂದಲೇ ಕೂಗುತ್ತಿದ್ದ.

ಗಜಾನನ ಬಸ್‌ಸ್ಟ್ಯಾಂಡಿಗೆ ಹೋದಾಗ ಆ ಬಸ್ಸಿನಲ್ಲಿ ಬೇರೆ ಕಂಡಕ್ಟರ್ ಇದ್ದ.

"ಗುರುವನಾ? ಅವನ ಅಪ್ಪ ತೀರಿಕೊಂಡ್ರಲ್ಲ, ಗೊತ್ತಿಲ್ವಾ? ಹೋದ ಸೋಮವಾರ. ತೀರ್ಥಹಳ್ಳಿ ಹತ್ರ ಫೋನ್ ಬಂತು, ಅಲ್ಲೇ ಇಳಿದು ವಾಪಸ್ ಹೋದ."

ಗಜಾನನ ಕವರು ಕೊಟ್ಟದ್ದು ಆ ಸೋಮವಾರ ಬೆಳಿಗ್ಗೆ.

ಭಂಡಿಗಡಿ ಊರಿನ ತನ್ನ ಮನೆಯ ಜಗಲಿಯಲ್ಲಿ ತಲೆ ಬೋಳಿಸಿಕೊಂಡು ಕೂತಿದ್ದ ಗುರುವ, ಇವನನ್ನು ಕಂಡದ್ದೇ ಎದ್ದು ಬಂದು ಎರಡೂ ಕೈ ಹಿಡಿದುಕೊಂಡ. "ಎಲ್ಲರೂ ಬಂದ್ರು, ಗಜ ಒಬ್ಬ ಬರ್ಲಿಲ್ಲ ಅಂತ ಅಮ್ಮಂಗೆ ಹೇಳ್ತಿದ್ದೆ. ಬಂದ್ಯಲ್ಲ."

ಅವನ ತಲೆಯ ಹಿಂದೆ, ಗೋಡೆಯ ಮೊಳೆಯಲ್ಲಿ, ಬುತ್ತಿ ಒಯ್ಯುವ ಹೆಗಲುಚೀಲ ನೇತಾಡುತ್ತಿತ್ತು. ಅದರ ಬಾಯಿಂದ ಬಿಳಿ ಕವರಿನ ಮೂಲೆಯೊಂದು ಹೊರಗೆ ಬಂದಿತ್ತು. ಅದರ ಮೇಲಿನ ನೀಲಿ ಅಕ್ಷರ ತನ್ನದೇ.

"ಆವತ್ತು ಬೆಳಿಗ್ಗೆ ಕಾಫಿ ಆರಿದೆ ಅಂತ ಅಪ್ಪನ ಮೇಲೆ ರೇಗಿ ಹೊರಟಿದ್ದೆ ಮಾರಾಯ," ಎಂದ ಗುರುವ. "ಅಪ್ಪ ಲೋಟ ತಗೊಂಡು ಮತ್ತೆ ಬಿಸಿ ಮಾಡ್ಲಿಕ್ಕೆ ಒಳಗೆ ಹೋದ್ರು. ನಾನು ನಿಲ್ಲಲಿಲ್ಲ. ಆಮೇಲೆ ಎಲ್ಲಿ ಇಳಿದೆ, ಎಂತ ಮಾಡಿದೆ, ಒಂದೂ ನೆನಪಿಲ್ಲ."

ಗಜಾನನ ಚೀಲದಿಂದ ಕಣ್ಣು ತೆಗೆದ.

ಗುರುವನ ತಾಯಿ ವೀರಮ್ಮ ಒಳಗಿನಿಂದ ಒಂದು ಫೋಟೋ ತಂದರು. ಗುರುವನ ಮದುವೆಯಲ್ಲಿ ಗಜಾನನನೇ ತೆಗೆದದ್ದು. "ಇವರು ಒಬ್ರೇ ನಿಂತು ಒಂದು ಫೋಟೋ ತೆಗೆಸಿದವರಲ್ಲಪ್ಪ. ನಾಡಿದ್ದು ತಿಥಿ ಊಟ. ಇದರಲ್ಲಿ ಇವರನ್ನಷ್ಟೇ ದೊಡ್ಡದು ಮಾಡಿ ಕೊಡ್ಲಿಕ್ಕೆ ಆಗುತ್ತಾ?"

"ಆಗುತ್ತೆ ಅಮ್ಮ."

ಅಂಗಳದ ಬೇಲಿಯ ದಣಪೆಯವರೆಗೆ ಜೊತೆಗೆ ಬಂದ ಗುರುವ, "ಬೇರೆ ಎಂತಾದ್ರೂ ಹೇಳ್ಲಿಕ್ಕಿತ್ತಾ?" ಎಂದ.

"ಎಂತದೂ ಇಲ್ಲ. ನೀನು ಒಳಗೆ ಹೋಗು."

ಸಂಜೆ ಸ್ಟುಡಿಯೋದಲ್ಲಿ ಫೋಟೋವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ತೆರೆದಿಟ್ಟುಕೊಂಡು ಅಕ್ಕನಿಗೆ ಫೋನ್ ಮಾಡಿದ.

"ಅಕ್ಕ, ಚೆಕ್ಕು ಹೋಗಿಲ್ಲ. ನಾನು ಶಿವಮೊಗ್ಗಕ್ಕೆ ಹೋಗಿರ್ಲಿಲ್ಲ."

"ಬಸ್ಸಲ್ಲಿ ಕೊಟ್ಯಾ? ಯಾರ ಕೈಲಿ?"

ಪರದೆಯ ಮೇಲೆ ಮದುಮಗ ಗುರುವ ಹಲ್ಲು ಬಿಟ್ಟು ನಗುತ್ತಿದ್ದ.

"ಯಾರ ಕೈಲೂ ಕೊಟ್ಟಿಲ್ಲ. ನಾನೇ ಮರೆತೆ."

ಫೋನು ಕಟ್ಟಾಯಿತೇನೋ ಎಂದು ಕಿವಿಯಿಂದ ತೆಗೆದು ನೋಡಿ, ಮತ್ತೆ ಇಟ್ಟುಕೊಂಡ.

"ಬೆಳಿಗ್ಗೆ ನಿನ್ನ ಹತ್ರ ಮಾತಾಡಿದ ಮೇಲೆ ಹೆಡ್‌ಮಾಸ್ಟ್ರ ಕೋಣೆಗೆ ಹೋಗಿದ್ದೆ," ಎಂದಳು ಪ್ರೇಮಕ್ಕ. "ಎಲ್ಲರೂ ಇದ್ರು. ನನ್ನ ತಮ್ಮ ಸುಳ್ಳು ಹೇಳೋನಲ್ಲ, ತಪ್ಪು ಬ್ಯಾಂಕಿಂದೇ ಅಂತ ಹೇಳಿ ಬಂದೆ."

"ಅಕ್ಕ..."

"ಉಳಿದದ್ದು ನಾನೇ ಕಟ್ಕೊಳ್ತೇನೆ. ಕಾರ್ಡು ಬಸ್ಸಲ್ಲಿ ಕೊಟ್ಟು ಕಳಿಸು. ನೀನು ಬರೋದು ಬೇಡ."

ಫೋನಿಟ್ಟ ಮೇಲೆ ಗಜಾನನ ಕೆಲಸಕ್ಕೆ ಕೂತ. ಚಪ್ಪರದ ಹೂವು, ನೆಂಟರು, ಮದುಮಗಳು ಒಂದೊಂದಾಗಿ ಅಳಿಸಿಹೋದರು. ಕೊನೆಗೆ ಗುರುವನನ್ನೂ ಅಳಿಸಿದ. ಬಿಳಿಯ ನಡುವೆ ಮುದುಕನೊಬ್ಬನೇ ಉಳಿದ. ಅವನ ಹೆಗಲ ಮೇಲೆ ಮಗನ ಕೈಬೆರಳುಗಳಿದ್ದವು. ಅವನ್ನು ಅಳಿಸಿ ಅಂಗಿಯ ಬಣ್ಣ ತುಂಬುವುದು ಒಂದು ನಿಮಿಷದ ಕೆಲಸ.

ಮೌಸಿನ ಬಾಣ ಬೆರಳುಗಳ ಮೇಲೆ ಹೋಗಿ ನಿಂತಿತು. ಹೊರಗೆ ಶಿವಮೊಗ್ಗದ ಬಸ್ಸು ಬಂದು ನಿಂತು, ಜನರನ್ನಿಳಿಸಿ, ಮುಂದೆ ಹೋಯಿತು. ಗಜಾನನ ಬೆರಳುಗಳನ್ನು ಹಾಗೆಯೇ ಬಿಟ್ಟು ಪ್ರಿಂಟ್ ಕೊಟ್ಟ.