ನಿಂತೇ ಉಳಿದ ಓಣಿ

ಧಾರವಾಡದ ನಾಗಮಣಿ ಹಾಲೆಂಡಿಗೆ ಬಂದು ಚೀನಾದ ಕಲೆಯನ್ನು ಯಾಕೆ ತಲೆಯ ಮೇಲೆ ಹೊತ್ತುಕೊಂಡಳೋ ಯಾರಿಗೂ ಸುಲಭಕ್ಕೆ ಅರ್ಥವಾಗುತ್ತಿರಲಿಲ್ಲ. ಕನ್ನಡ ಸಂಘದ ಊಟದ ಸಾಲಿನಲ್ಲಿ ಯಾರಾದರೂ ಒಬ್ಬರು, "ಮೇಡಂ, ನಮ್ಮ ಇಂಡಿಯನ್ ಆರ್ಟ್ ಬಿಟ್ಟು ಅದ್ಯಾಕೆ ಚೈನೀಸು?" ಎಂದು ಕೇಳಿಯೇ ಕೇಳುತ್ತಿದ್ದರು. ಡಚ್ಚರು ಕೇಳುತ್ತಿರಲಿಲ್ಲ. ಅವರ ಕಣ್ಣಿಗೆ ಏಷ್ಯಾ ಎಲ್ಲಾ ಒಂದೇ ಪಾತ್ರೆಯಲ್ಲಿ ಬೆಂದದ್ದು.

ಲೈಡನ್ನಿಗೆ ಓದಲು ಬಂದವಳು ಚೀನೀ ಭಾಷೆಯ ಬೆನ್ನು ಹತ್ತಿದಳು. ಬೀಜಿಂಗಿನ ಚಳಿ ಕೊರೆಯುವ ಸ್ಟುಡಿಯೋಗಳಲ್ಲಿ ಬರೀ ಬಿಸಿನೀರು ಕುಡಿಯುತ್ತ ಕಲಾವಿದರ ಸಂಕಟ ಕೇಳಿದಳು. ಯಾರ ಹೆಸರೂ ಗೊತ್ತಿಲ್ಲದ ಕಾಲದಲ್ಲಿ ಅವರ ಕೃತಿಗಳನ್ನು ಯುರೋಪಿಗೆ ತಂದು ತೋರಿಸಿದಳು. ಈಗ ಆಮರ್ಸ್‌ಫೋರ್ಟ್‌ನ ಒಂದು ಮ್ಯೂಸಿಯಂನಲ್ಲಿ ಚೀನೀ ವಿಭಾಗದ ಕ್ಯುರೇಟರ್. ಕೃತಿಗಳನ್ನು ಆರಿಸಿ, ಜೋಡಿಸಿ, ಬಂದವರಿಗೆ ತಿಳಿಹೇಳುವುದು ಕ್ಯುರೇಟರ್ ಕೆಲಸ ಎನ್ನುತ್ತಾರೆ. ಅದು ಹೊರಗಿನವರಿಗೆ ಹೇಳುವ ಮಾತು. ಯಾರದೋ ಕೃತಿಗಾಗಿ ಇನ್ಯಾರದೋ ಮುಂದೆ ಹಲ್ಲು ಗಿಂಜುವುದರಲ್ಲೇ ಅವಳ ಅರ್ಧ ಆಯುಷ್ಯ ಕಳೆದಿತ್ತು.

ಈ ಬದುಕಿನಲ್ಲಿ ಅವಳಿಗೆ ದಕ್ಕಿದ ಒಂದೇ ದೊಡ್ಡ ಭಾಗ್ಯವೆಂದರೆ ಫಂಗ್ ಯೂಲಾನ್. ಜಿಂಗ್‌ದೆಝೆನ್ ಎಂಬ ಪಿಂಗಾಣಿಯ ಊರಿನ ಮುದುಕಿ. ಮದುವೆಯಾದವಳಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ಅವಳು ಹುಟ್ಟಿ ಬೆಳೆದ ಓಣಿಯನ್ನು ಕೆಡವಿ ಅಂಗಡಿ ಸಂಕೀರ್ಣ ಕಟ್ಟಿದ್ದರು. ಚೆದುರಿಹೋದ ನೆರೆಹೊರೆಯವರನ್ನೆಲ್ಲ ಫಂಗ್ ಮಣ್ಣಿನಲ್ಲಿ ಮಾಡಿ ನಿಲ್ಲಿಸಿದಳು. ಮೊಣಕಾಲೆತ್ತರದ ಗೊಂಬೆಗಳು. ತರಕಾರಿ ಮಾರುವವಳು, ನಲ್ಲಿಯ ಹತ್ತಿರ ಜಗಳಕ್ಕೆ ನಿಂತವಳು, ಕಿವುಡ ದರ್ಜಿ. ಊರಿಗೆ ಊರೇ ಒಲೆ ಹೊತ್ತಿಸಿ ಮಣ್ಣು ಸುಡುವ ಕಡೆ ಇವಳು ಒಂದನ್ನೂ ಸುಡಲಿಲ್ಲ. ಪ್ರದರ್ಶನ ಮುಗಿದ ದಿನ ಎಲ್ಲರನ್ನೂ ನೀರಿಗೆ ಬಿಟ್ಟು ಕರಗಿಸುವಳು. ಅದೇ ಕೆಸರನ್ನು ಚೀಲಕ್ಕೆ ತುಂಬಿ ಮುಂದಿನ ಊರಿಗೆ ಒಯ್ದು, ಅಲ್ಲಿ ಮತ್ತೆ ಅವರನ್ನೇ ಮಾಡುವಳು.

ಮೊದಲ ಸಲ ನೋಡಲು ಹೋದವರೆಲ್ಲ ಇದನ್ನು ಉಳಿಸಿಕೊಳ್ಳುವುದು ಹೇಗೆ ಎಂದೇ ಕೇಳಿದ್ದರು. ನಾಗಮಣಿ, "ಯಾವ ನೀರಿಗೆ ಬಿಡ್ತೀರಿ, ನಲ್ಲಿಯದಕ್ಕೋ ಹೊಳೆಯದಕ್ಕೋ?" ಎಂದು ಕೇಳಿದಳು. ಅವಳ ಮನೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಹಸಿಮಣ್ಣಿನ ಎತ್ತು ಮಾಡಿ, ಪೂಜೆ ಮಾಡಿ, ಆಮೇಲೆ ಬಾವಿಗೆ ಬಿಡುತ್ತಿದ್ದರು. ಮಾಡಿದ್ದನ್ನು ಬಿಡಬೇಕು ಎಂಬುದು ಅವಳಿಗೆ ಹೊಸ ವಿಷಯವಾಗಿರಲಿಲ್ಲ. ಮುದುಕಿ ಅಂದೇ ಅವಳನ್ನು ಮಗಳಂತೆ ಹಚ್ಚಿಕೊಂಡಳು. ಚೀನಾದಲ್ಲಿ ಹಿರಿಯ ಹೆಂಗಸನ್ನು ಆಯಿ ಎನ್ನುತ್ತಾರೆ. ಅಜ್ಜಿಯನ್ನು ಆಯಿ ಎಂದೇ ಕರೆಯುವ ಧಾರವಾಡದ ಬಾಯಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಕಳೆದ ವರ್ಷ ಫಂಗ್ ಆಮರ್ಸ್‌ಫೋರ್ಟ್‌ಗೆ ಬಂದು ಓಣಿಯನ್ನು ಮಾಡಿದಳು. ಸಾಲಿನ ಕೊನೆಗೆ ಈ ಸಲ ಹೊಸಬಳೊಬ್ಬಳು ಸೇರಿದಳು. ದಪ್ಪ ಕೋಟು, ಹೆಗಲಿಗೆ ಚೀಲ, ಹಣೆಯಲ್ಲಿ ಬೊಟ್ಟು. "ನೀನೂ ಈಗ ನಮ್ಮ ಓಣಿಯವಳೇ," ಎಂದಳು ಮುದುಕಿ. ನಾಗಮಣಿಗೆ ಅಳು ತಡೆಯಲಾಗಲಿಲ್ಲ.

ಹೊರಡುವ ಮುಂಚೆ ಫಂಗ್ ಜೂಟರ್‌ಮೀರ್‌ನ ನಾಗಮಣಿಯ ಮನೆಗೆ ಊಟಕ್ಕೆ ಬಂದಳು. ನಾಗಮಣಿ ರೊಟ್ಟಿ ಬಡಿಯುವುದನ್ನು ಕಣ್ಣು ಕೀಳದೆ ನೋಡಿದಳು. ಊಟದ ನಡುವೆ ಚೀನೀಯಲ್ಲಿ ಏನೋ ಹೇಳಿದಳು. ನಾಗಮಣಿಯ ಗಂಡ ತ್ಯಾಗರಾಜ ಏನಂತೆ ಎಂದು ಮುಖ ನೋಡಿದ. ಅವನು ಮೈಸೂರಿನವನು, ಸಾಫ್ಟ್‌ವೇರ್ ಕೆಲಸ, ಮಾತು ಕಡಿಮೆ.

"ಆಯೀಗೆ ಇನ್ನ ಮಾಡ್ಲಿಕ್ಕೆ ಕೈ ನಡ್ಯಂಗಿಲ್ಲಂತ," ಎಂದಳು ನಾಗಮಣಿ. "ತಾವು ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ, ಪ್ರದರ್ಶನ ಮುಗಿದ ಮ್ಯಾಲೆ ನಾನ ಎಲ್ಲಾರನ್ನೂ ನೀರಿಗೆ ಬಿಡ್ಬೇಕಂತ. ಎಷ್ಟಂತ ನಿಂತಾರು, ಕಾಲು ನೋಯ್ತಾವ ಅಂತಾರ."

"ಆಯ್ತು ಅಂತ ಹೇಳು," ಎಂದ ತ್ಯಾಗರಾಜ. "ಬಕೆಟ್ ಹಿಡಿಯೋಕೆ ನಾನಿದೀನಿ."

ನಾಗಮಣಿ ಅದನ್ನು ಚೀನೀಗೆ ತಿರುಗಿಸಿದಾಗ ಮುದುಕಿ ಬಾಯಿ ತುಂಬ ನಕ್ಕಳು. ಚಳಿಗಾಲದಲ್ಲಿ ಅವಳು ತನ್ನ ಊರಿನಲ್ಲಿ ತೀರಿಕೊಂಡ ಸುದ್ದಿ ಬಂತು.

ಪ್ರದರ್ಶನ ಮುಗಿಯುವ ಹೊತ್ತಿಗೆ ಮ್ಯೂಸಿಯಂ ನಿರ್ದೇಶಕ ರುಟ್ಗರ್ ಸಭೆ ಕರೆದ. ಕೆಟ್ಟ ಮನುಷ್ಯನಲ್ಲ, ದಣಿದ ಮನುಷ್ಯ. ಅನುದಾನ ಕಡಿತವಾಗಿದೆ, ಬೇಸಿಗೆಗೆ ಚೀನೀ ವಿಭಾಗ ಮುಚ್ಚಬೇಕಾಗುತ್ತದೆ ಎಂದ. ಉಳಿಯಲು ಒಂದೇ ದಾರಿ. ಒಂದು ಪ್ರತಿಷ್ಠಾನ ಫಂಗ್ ಅವರ ಓಣಿಯನ್ನು ಇಲ್ಲೇ ಉಳಿಸಲು ಹಣ ಕೊಡುತ್ತದೆ, ವಿಭಾಗವನ್ನೂ ನೋಡಿಕೊಳ್ಳುತ್ತದೆ. ಆದರೆ ಗೊಂಬೆಗಳು ಕರಗಬಾರದು. ಅಂಟುದ್ರವ ಸಿಂಪಡಿಸಿ ಗಟ್ಟಿ ಮಾಡಬೇಕು.

"ಅವರು ಕರಗಿಸುತ್ತಿದ್ದದ್ದು ಮತ್ತೆ ಮಾಡುವುದಕ್ಕಾಗಿ. ಈಗ ಮಾಡಲು ಅವರೇ ಇಲ್ಲ," ಎಂದ ರುಟ್ಗರ್. "ತಮ್ಮ ನಂತರ ಏನು ಮಾಡಬೇಕೆಂದು ಏನಾದರೂ ಹೇಳಿದ್ದರೇ? ಹೇಳಿದ್ದರೆ ನಾವು ಮುಟ್ಟುವುದಿಲ್ಲ. ಅವರ ಜೊತೆ ಮಾತಾಡಿದವರು ನೀವೊಬ್ಬರೇ."

ನಾಗಮಣಿಗೆ ಮುಂದಿನ ವಸಂತದ ಪ್ರದರ್ಶನಕ್ಕೆ ಕಾದು ಕುಳಿತ ಚೆಂಗ್ದುವಿನ ಕಲಾವಿದರು ನೆನಪಾದರು. ತನ್ನ ಕೋಣೆಯ ಬಾಗಿಲ ಮೇಲಿನ ಹೆಸರಿನ ಫಲಕ ನೆನಪಾಯಿತು. ಯಾವುದು ಮೊದಲು ಎಂದು ಕೇಳಿದರೆ ಕಲಾವಿದರು ಎಂದೇ ಅವಳು ಹೇಳುತ್ತಾಳೆ. ಕಥೆ ಹೇಳುವವರಿಗೆ ಅಂಥ ದಾಕ್ಷಿಣ್ಯವಿಲ್ಲ. ಮೊದಲು ನೆನಪಾದದ್ದು ಫಲಕವೇ.

"ಇಲ್ಲ," ಎಂದಳು. "ಅದರ ಬಗ್ಗೆ ಏನೂ ಹೇಳಲಿಲ್ಲ."

ಸಂಜೆ ಅವಳು ಮನೆಗೆ ಬಂದಾಗ ತ್ಯಾಗರಾಜ ಹುರುಳಿಕಾಯಿ ಹೆಚ್ಚುತ್ತಿದ್ದ. ಕೋಟನ್ನೂ ತೆಗೆಯದೆ ಎಲ್ಲವನ್ನೂ ಹೇಳಿದಳು. ಅವನು ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಮತ್ತೇನ್ ಮಾಡ್ಬೇಕಿತ್ತು ಹೇಳ್ರಿ. ಇಷ್ಟು ವರ್ಷ ದುಡಿದದ್ದೆಲ್ಲಾ ನೀರಾಗ ಹೋಗ್ತಿತ್ತು."

"ನಾನೇನೂ ಅನ್ನಲಿಲ್ವಲ್ಲ ನಾಗು."

"ಅನ್ರಿ ಮತ್ತ. ನೀವು ಸುಮ್ನಿದ್ರ ಇನ್ನೂ ತ್ರಾಸ ಆಗ್ತದ."

"ಬಕೆಟ್ ಹಿಡಿತೀನಿ ಅಂದಿದ್ದೆ ಅವರಿಗೆ," ಎಂದ ಅವನು. "ಅಷ್ಟೇ ನೆನಪಾಯ್ತು."

ಅಂಟುದ್ರವದ ಕೆಲಸ ಶುರುವಾಯಿತು. ಮುಖಗವಸು ಹಾಕಿಕೊಂಡ ತಜ್ಞೆ ಓಣಿಯ ಈ ತುದಿಯಿಂದ ಒಬ್ಬೊಬ್ಬರಿಗೇ ಸಿಂಪಡಿಸುತ್ತ ಹೋದಳು. ತರಕಾರಿಯವಳ ಮುಖ ಎಣ್ಣೆ ಹಚ್ಚಿದಂತೆ ಕಪ್ಪಾಯಿತು. ನಾಗಮಣಿ ಆ ಕಡೆ ಹೋಗುವುದನ್ನೇ ಬಿಟ್ಟಳು. ಆದರೆ ಮನೆಯಲ್ಲಿ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ನಿಂತ ಕಡೆಯೆಲ್ಲ ಅವಳ ಕಾಲೇ ನೋಯುತ್ತಿತ್ತು. ಶುಕ್ರವಾರ ತಜ್ಞೆಯನ್ನು ಫೋನಿನಲ್ಲಿ ವಿಚಾರಿಸಿದಳು. ಕೊನೆಯ ಕೆಲವು ಗೊಂಬೆಗಳನ್ನು ಮಂಗಳವಾರಕ್ಕೆ ಉಳಿಸಿಕೊಳ್ಳುತ್ತೇನೆ ಎಂದಳು ಆಕೆ.

ನಾಗಮಣಿ ಫೋನು ಕೆಳಗಿಟ್ಟು ಗಂಡನ ಹತ್ತಿರ ಬಂದಳು. "ಕೊನೇದು ನಾನ ಅಲ್ಲೇನ್ರಿ? ನನ್ನೊಬ್ಬಾಕಿನ್ನಾದ್ರೂ ಬಿಟ್ಟು ಬರ್ತೀನಿ. ಆಯೀ ಜೋಡಿ ಒಬ್ಬರಾದ್ರೂ ಹೋಗ್ಲಿ. ಒಯ್ಯುವಾಗ ಕೈಜಾರಿ ಒಡೀತು ಅಂತ ಹೇಳ್ತೀನಿ."

ತ್ಯಾಗರಾಜ ಸೋಮವಾರ ರಜೆ ಹಾಕಿದ. ಮನೆ ಒರೆಸುವ ಬಕೆಟ್ ಬೇಡವೆಂದು ಹೊಸದೊಂದನ್ನು ಕೊಂಡು ತಂದಿದ್ದ. ಜೂಟರ್‌ಮೀರ್‌ನಿಂದ ಆಮರ್ಸ್‌ಫೋರ್ಟ್‌ವರೆಗೂ ರೈಲಿನಲ್ಲಿ ಆ ನೀಲಿ ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಎದುರಿನವರು ನೋಡಿದರೆ ನೋಡಲಿ ಎಂದು ಕಿಟಕಿಯ ಕಡೆ ಮುಖ ಮಾಡಿದ್ದ.

ಸೋಮವಾರ ಮ್ಯೂಸಿಯಂಗೆ ರಜೆ, ಒಳಗಿನ ದೀಪಗಳೆಲ್ಲ ಆರಿದ್ದವು. ನಾಗಮಣಿ ತನ್ನ ಗೊಂಬೆಯನ್ನು ಮಗುವಿನಂತೆ ಎತ್ತಿಕೊಂಡು ಉಗ್ರಾಣದ ಪಕ್ಕದ ತೊಳೆಯುವ ಕೋಣೆಗೆ ತಂದಳು. ಅಲ್ಲೂ ಬೆಳಕು ಮಂಕಾಗಿತ್ತು. ತ್ಯಾಗರಾಜ ನಲ್ಲಿ ತಿರುಗಿಸಿ ಬಕೆಟ್ ತುಂಬಿಸಿದ. ಅವಳು ಗೊಂಬೆಯನ್ನು ಮೆಲ್ಲಗೆ ನೀರಿಗಿಳಿಸಿ, ಅವ್ವ ಎತ್ತು ಬಿಡುವಾಗ ಮಾಡುತ್ತಿದ್ದಂತೆ ಕೈಮುಗಿದಳು.

ಸುಡದ ಒಣಮಣ್ಣು ನೀರಿಗೆ ಬಿದ್ದರೆ ಮೊದಲು ಗುಳ್ಳೆ ಏಳುತ್ತದೆ, ಆಮೇಲೆ ಅಂಚು ಬಿಟ್ಟುಕೊಳ್ಳುತ್ತದೆ. ಗುಳ್ಳೆ ಏಳಲಿಲ್ಲ. ಇಬ್ಬರೂ ಕಾದರು. ನೀರು ತಿಳಿಯಾಗಿಯೇ ಇತ್ತು. ನಾಗಮಣಿ ಕೈ ಹಾಕಿ ಗೊಂಬೆಯ ಕೋಟನ್ನು ಉಜ್ಜಿದಳು, ಉಗುರಿನಿಂದ ಕೆರೆದಳು. ಬೆರಳಿಗೆ ಚೂರು ಮಣ್ಣೂ ಹತ್ತಲಿಲ್ಲ. ತಜ್ಞೆ ಶನಿವಾರವೂ ಬಂದು ಕೆಲಸ ಮುಗಿಸಿ ಹೋಗಿದ್ದಳು. ಇಲ್ಲಿಯವರು ಹೇಳಿದ ದಿನಕ್ಕಿಂತ ತಡ ಮಾಡುವುದಿಲ್ಲ, ಬೇಕಾದರೆ ಮುಂಚೆಯೇ ಮುಗಿಸುತ್ತಾರೆ.

"ಕರಗವಲ್ದು," ಎಂದಳು ನಾಗಮಣಿ. "ರೀ, ನಾನು ಕರಗವಲ್ಲೆ."

ಅವನು ಅವಳ ಬೆನ್ನ ಮೇಲೆ ಕೈಯಿಟ್ಟ. "ತೆಗಿ ನಾಗು, ಒರೆಸಿ ವಾಪಸ್ ನಿಲ್ಸೋಣ," ಎಂದ.

ಅವಳು ಶಾಲಿನ ಅಂಚಿನಿಂದ ಗೊಂಬೆಯ ಮುಖ ಒರೆಸಿದಳು, ಪಾದ ಒರೆಸಿದಳು. ಓಣಿಯ ಕೊನೆಗೆ, ಅದು ಮೊದಲಿದ್ದ ಜಾಗದಲ್ಲೇ ಇಟ್ಟು ಬಂದಳು. ತರಕಾರಿಯವಳು, ಜಗಳದವಳು, ಕಿವುಡ ದರ್ಜಿ ಎಲ್ಲರೂ ನಿಂತೇ ಇದ್ದರು. ಆ ವಾರವೇ ಗಾಜು ಕೂರಿಸುವವರು ಬರುವವರಿದ್ದರು. ತ್ಯಾಗರಾಜ ತಿಳಿನೀರಿನ ಬಕೆಟ್ಟನ್ನು ಬಚ್ಚಲಿಗೆ ಸುರಿದ.